ಮೀನು ತರದ ದಿನ ಮೀನಿನ ವಾಸನೆ: ಮನೆ ವೈರಿಂಗಿಗೆ ಯಾವ ಕನೆಕ್ಟರ್?

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ಹಳೆಯ ಹೆಂಚಿನ ಮನೆ. ಹೋಂಸ್ಟೇ ಮಾಡೋಣ ಎಂದು ಹಿಂದುಗಡೆ ಎರಡು ಕೋಣೆ, ಎರಡು ಬಾತ್‌ರೂಮ್ ಕಟ್ಟಿಸಿದ್ದೇವೆ. ಎರಡಕ್ಕೂ ಗೀಸರ್ ಇದೆ. ಹಳೆಯ ವೈರಿಂಗಿನಿಂದಲೇ ಅಟ್ಟದ ಮೇಲೆ ಜಾಯಿಂಟ್ ಕೊಟ್ಟು ಲೈನ್ ಎಳೆದಿದ್ದಾರೆ. ಕಳೆದ ಕಕ್ಕಡ ತಿಂಗಳ ಮಳೆಯಲ್ಲಿ ಅಟ್ಟದ ಕಡೆಯಿಂದ ಮೀನಿನ ವಾಸನೆ ಬರುತ್ತಿದೆ ಎಂದು ಅಮ್ಮ ಹೇಳುತ್ತಲೇ ಇದ್ದರು. ಮನೆಗೆ ಮೀನು ತಂದು ವಾರವಾಗಿತ್ತು. ಹತ್ತಿ ನೋಡಿದರೆ ಜಂಕ್ಷನ್ ಬಾಕ್ಸಿನ ಮುಚ್ಚಳ ಕಂದು ಬಣ್ಣಕ್ಕೆ ತಿರುಗಿತ್ತು. ವೈರ್‌ಮನ್ ಬಂದು ಬಿಚ್ಚಿ, ಮತ್ತೆ ಸುತ್ತಿ, ಟೇಪ್ ಹಾಕಿ ಹೋದರು. ಮಗ ಆನ್‌ಲೈನಿನಲ್ಲಿ ವೈರ್ ಸೇರಿಸುವ ಕನೆಕ್ಟರ್ ತರಿಸೋಣ ಎನ್ನುತ್ತಾನೆ. ನೋಡಿದರೆ ಅದರಲ್ಲಿ ನೂರು ಬಗೆ. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ: ನಿಮ್ಮ ಅಮ್ಮನ ಮೂಗು ಒಂದು ಮನೆಯನ್ನೇ ಉಳಿಸಿರಬಹುದು. ಸ್ವಿಚ್ಚು, ಹೋಲ್ಡರು, ಜಂಕ್ಷನ್ ಬಾಕ್ಸುಗಳಿಗೆ ಬಳಸುವ ಪ್ಲಾಸ್ಟಿಕ್ ಅತಿಯಾಗಿ ಕಾದರೆ ಹಲವು ಸಲ ಬರುವುದು ಇದೇ ಮೀನಿನಂಥ ವಾಸನೆ. ಹೊಗೆ ಆಮೇಲೆ ಬರುತ್ತದೆ. ನಮ್ಮ ಕಡೆ ಒಲೆ ಮೇಲೆ ಒಣ ಮೀನು ತೂಗಾಡುವ ಮನೆಗಳಲ್ಲಿ ಇದನ್ನು ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ ಅನ್ನುವುದೇ ಕಷ್ಟ. ಕನೆಕ್ಟರ್ ವಿಷಯ ಆಮೇಲೆ ನೋಡೋಣ. ಆ ಜಾಯಿಂಟ್ ಸರಿಯಾಗುವವರೆಗೆ ಎರಡೂ ಗೀಸರ್ ಬಳಸಬೇಡಿ. ಹಂಡೆ ಒಲೆ ಇನ್ನೂ ಇದೆ ತಾನೇ? ಸ್ವಲ್ಪ ದಿನ ಅದರಲ್ಲೇ ನೀರು ಕಾಯಿಸಿ.

ಅಲ್ಲಿ ಏನಾಯಿತು ಎಂದು ಹೇಳುತ್ತೇನೆ. ಅದು ತಿಳಿದರೆ ಅರ್ಧ ಉತ್ತರ ನೀವೇ ಹೇಳುತ್ತೀರಿ.

ನೀರು ತುಂಬಿಸಿಡುವ ಸಾಮಾನ್ಯ ಗೀಸರ್ 2000 ವ್ಯಾಟಿನದು. 230 ವೋಲ್ಟಿಗೆ ಅದು ಸುಮಾರು 8.7 ಆಂಪ್ಸ್ ಎಳೆಯುತ್ತದೆ. ಸುತ್ತಿದ ಜಾಯಿಂಟ್ ಸಡಿಲಾಗಿ, ಕಿಲುಬು ಹಿಡಿದು, ಅಲ್ಲಿ 0.1 ಓಮ್‌ನಷ್ಟು ತಡೆ ಹುಟ್ಟಿತು ಎಂದುಕೊಳ್ಳಿ. ಒಂದು ಗೀಸರ್ ಓಡುವಾಗ ಆ ಒಂದು ಬಿಂದುವಿನಲ್ಲಿ ಏಳೂವರೆ ವ್ಯಾಟ್ ಶಾಖ ಬರುತ್ತದೆ. ಎರಡೂ ಒಟ್ಟಿಗೆ ಓಡಿದರೆ ಕರೆಂಟು ಎರಡು ಪಟ್ಟು, ಶಾಖ ನಾಲ್ಕು ಪಟ್ಟು. ಅಂದರೆ ಸುಮಾರು 30 ವ್ಯಾಟ್. ರೇಡಿಯೋ ರಿಪೇರಿಯವರು ಬೆಸುಗೆ ಹಾಕುವ ಸಣ್ಣ ಐರನ್ 25 ವ್ಯಾಟಿನದು. ಅದಕ್ಕಿಂತ ಹೆಚ್ಚು ಶಾಖ ಕೊಡುವ ಒಂದು ವಸ್ತುವನ್ನು ಟೇಪಿನಲ್ಲಿ ಸುತ್ತಿ, ಡಬ್ಬಿಯಲ್ಲಿ ಮುಚ್ಚಿ, ಒಣಗಿದ ಮರದ ಅಟ್ಟದ ಮೇಲೆ ಇಟ್ಟಹಾಗಾಯಿತು. ಮನೆ ವೈರಿನ ಸಾಮಾನ್ಯ ಪಿವಿಸಿ ಹೊದಿಕೆ ತಡೆಯುವುದು 70 ಡಿಗ್ರಿವರೆಗೆ ಮಾತ್ರ.

"ಎಂಸಿಬಿ ಇದೆಯಲ್ಲ, ಬೀಳಲಿಲ್ಲ ಯಾಕೆ?" ಎಂದು ಎಲ್ಲರೂ ಕೇಳುತ್ತಾರೆ. ಎಂಸಿಬಿ ಅಂದರೆ ಬೋರ್ಡಿನಲ್ಲಿ ತಾನಾಗೇ ಬೀಳುವ ಸ್ವಿಚ್ಚು. ಅದು ನೋಡುವುದು ಎಷ್ಟು ಕರೆಂಟು ಹೋಗುತ್ತಿದೆ ಎಂಬುದನ್ನು. ಎರಡು ಗೀಸರ್ ಸೇರಿ ಎಳೆಯುವುದು ಹದಿನೇಳೂವರೆ ಆಂಪ್ಸ್. 20 ಆಂಪ್ಸ್ ಎಂಸಿಬಿಗೆ ಅದು ಮಾಮೂಲಿ ಕೆಲಸ. ಅಂಥದ್ದೇ ಇನ್ನೊಂದು ಸ್ವಿಚ್ಚು ಆರ್‌ಸಿಸಿಬಿ. ಅದು ನೋಡುವುದು ಕರೆಂಟು ನೆಲಕ್ಕೆ ಸೋರುತ್ತಿದೆಯೇ ಎಂಬುದನ್ನು. ಇಲ್ಲಿ ಸೋರಿಕೆಯೇ ಇಲ್ಲ. ಎರಡು ಕಾವಲುಗಾರರ ಕಣ್ಣೆದುರಿಗೇ ಜಾಯಿಂಟ್ ಸುಡುತ್ತದೆ, ಇಬ್ಬರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಜಾಯಿಂಟನ್ನು ಕಾಯುವ ಕೆಲಸ ಜಾಯಿಂಟಿನದೇ.

ನಿಮ್ಮ ವೈರ್‌ಮನ್‌ರನ್ನು ನಾನು ಬೈಯುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತೋಟದ ಕೆಲಸಗಾರರ ಲೈನ್ ಮನೆಗಳಿಗೆ ನಾನೂ ಹೀಗೇ ಸುತ್ತಿ ಟೇಪ್ ಹಾಕಿದವನು. ಆಗ ಒಂದು ಬಲ್ಬು, ಒಂದು ರೇಡಿಯೋ. ನಡೆಯಿತು. ಐಟಿಐಯಲ್ಲಿ ನಮಗೆ ಕಲಿಸಿದ್ದೂ ಸುತ್ತುವುದನ್ನೇ. ಮ್ಯಾರೀಡ್ ಜಾಯಿಂಟ್, ಬ್ರಿಟಾನಿಯಾ ಜಾಯಿಂಟ್, ಟೀ ಜಾಯಿಂಟ್. ಆದರೆ ಅಲ್ಲಿ ಸುತ್ತಿದ ಮೇಲೆ ಬೆಸುಗೆ ಹಾಕಬೇಕಿತ್ತು. ಹೊರಗೆ ಬಂದ ಮೇಲೆ ಬೆಸುಗೆ ಮರೆತುಹೋಯಿತು, ಸುತ್ತುವುದು ಮಾತ್ರ ಉಳಿಯಿತು. ನಮ್ಮ ಮಳೆಗೆ ಟೇಪಿನ ಗಮ್ ಎರಡು ವರ್ಷದಲ್ಲಿ ಹಲಸಿನ ಮೇಣದ ಹಾಗೆ ಜಾರುತ್ತದೆ. ಒಳಗೆ ತೇವ ಹೋಗಿ ತಾಮ್ರ ಹಸಿರಾಗುತ್ತದೆ.

ಈಗ ಕನೆಕ್ಟರ್. ನನ್ನ ಮೊದಲ ಸಲಹೆ ನಿಮ್ಮ ಮಗನಿಗೆ ಹಿಡಿಸಲಿಕ್ಕಿಲ್ಲ: ಗೀಸರ್ ಲೈನಿಗೆ ಯಾವ ಕನೆಕ್ಟರೂ ಬೇಡ. ಮೇನ್ ಬೋರ್ಡಿನಿಂದ ಒಂದೊಂದು ಗೀಸರ್‌ಗೆ ಒಂದೊಂದು ಪ್ರತ್ಯೇಕ ಲೈನ್ ಎಳೆಸಿ. ಅದು ಬಾತ್‌ರೂಮಿನ ಸ್ವಿಚ್ಚಿನವರೆಗೆ ಎಲ್ಲೂ ತುಂಡಾಗಬಾರದು. ಎರಡು ಕಿಲೋವ್ಯಾಟಿಗೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಾಕು ಎಂದು ಲೆಕ್ಕ ಹೇಳುತ್ತದೆ. ನಾನು 4 ಹಾಕಿಸುತ್ತೇನೆ. ಹಳೆಯ ಮನೆಯ ಮುಂಭಾಗದಿಂದ ಹಿಂದಿನ ಹೊಸ ಕೋಣೆಗೆ ದೂರ ಜಾಸ್ತಿ. ನಾಳೆ ಇನ್ಯಾರೋ ಈ ಗೀಸರ್ ತೆಗೆದು 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ ಕೂರಿಸಿದರೆ ಅದೊಂದೇ 13 ಆಂಪ್ಸ್ ಎಳೆಯುತ್ತದೆ. ವೈರ್ ಹೋಗುವ ಪೈಪು ಸುತ್ತು ಹೊಡೆದು ಬರಬೇಕಾದೀತು, ಹತ್ತಿಪ್ಪತ್ತು ಮೀಟರ್ ವೈರ್ ಹೆಚ್ಚು ಖರ್ಚಾದೀತು. ಆಗಲಿ. 90 ಮೀಟರಿನ ಕಾಯಿಲ್ ಮುಗಿದುಹೋಗಿ ಇನ್ನು ಮೂರು ಮೀಟರ್ ಬೇಕಾದಾಗ ತುಂಡು ಸೇರಿಸುವ ಆಸೆ ಬರುತ್ತದೆ. ಅಲ್ಲೇ ಬೀಳುತ್ತದೆ ಮುಂದಿನ ಮೀನಿನ ವಾಸನೆಯ ಬೀಜ.

ಲೈಟು, ಫ್ಯಾನು, ಟಿವಿ ಪಾಯಿಂಟುಗಳಲ್ಲೂ ಆದಷ್ಟು ಸ್ವಿಚ್ ಬೋರ್ಡಿನ ಸ್ಕ್ರೂಗಳಲ್ಲೇ ಲೂಪ್ ಕೊಟ್ಟರೆ ಜಾಯಿಂಟ್ ಕಡಿಮೆ. ಆದರೂ ಹಳೆಯ ಮನೆ ಅಂದಮೇಲೆ ಕೆಲವು ಜಾಯಿಂಟ್ ತಪ್ಪುವುದಿಲ್ಲ. ಅಲ್ಲಿಗೆ ಯಾವುದು ಎಂದು ಆರಿಸುವ ಮುಂಚೆ ವೈರ್ ಎಂಥದ್ದು ನೋಡಿ. ಎಲ್ಲರೂ ಎಡವುವುದು ಇಲ್ಲಿ.

ನಮ್ಮ ಅಂಗಡಿಗಳಲ್ಲಿ ಈಗ ಸಿಗುವ ಮನೆ ವೈರ್, ಅಂದರೆ ಭಾರತೀಯ ಗುಣಮಟ್ಟದ ಐಎಸ್ 694 ಗುರುತಿನ ಒಂದೂವರೆ, ಎರಡೂವರೆ, ನಾಲ್ಕರ ಕಾಯಿಲ್, ಬಹುಪಾಲು ಸಣ್ಣ ಎಳೆಗಳ ಕಟ್ಟು. ಬಳುಕುತ್ತದೆ. ನಿಮ್ಮ ಮಗ ನೋಡಿದ ಹೊರದೇಶದ ವಿಡಿಯೋಗಳಲ್ಲಿ ಹೆಚ್ಚಾಗಿ ಇರುವುದು ಒಂದೇ ಗಟ್ಟಿ ಕಡ್ಡಿಯ ತಾಮ್ರದ ವೈರ್. ಅದಕ್ಕೆಂದೇ ಮಾಡಿದ, ಸುಮ್ನೆ ತೂರಿಸಿದರೆ ಹಿಡಿದುಕೊಳ್ಳುವ ಪುಷ್-ಇನ್ ಕನೆಕ್ಟರ್ ಇದೆ. ಚಿಕ್ಕದು, ಅಗ್ಗ, ನೋಡಲು ಚೆಂದ. ನಮ್ಮ ಎಳೆ ವೈರನ್ನು ಅದಕ್ಕೆ ತೂರಿಸಿದರೆ ಎಳೆಗಳು ಒಳಗೆ ಮಡಚಿಕೊಳ್ಳುತ್ತವೆ. ಅರ್ಧ ಹಿಡಿಯುತ್ತವೆ, ಅರ್ಧ ಇಲ್ಲ. ಹೊರಗಿನಿಂದ ನೋಡಿದರೆ ಸರಿಯಾಗೇ ಕಾಣುತ್ತದೆ. ಅದು ಬೇಡ. ಅಮೆರಿಕದವರು ಬಳಸುವ, ಬಾಟಲಿ ಮುಚ್ಚಳದ ಹಾಗೆ ತಿರುಗಿಸುವ ಟೋಪಿ ಕನೆಕ್ಟರ್ ಕೂಡ ಬೇಡ. ಅದು ಕೆಟ್ಟದ್ದಲ್ಲ. ಆದರೆ ಎಷ್ಟು ವೈರಿಗೆ ಯಾವ ಸೈಜು, ಎಷ್ಟು ತಿರುಗಿಸಬೇಕು ಎಂಬ ಕೈಪಳಗಿಕೆ ನಮ್ಮ ಕಡೆ ಇಲ್ಲ.

ಲಿವರ್ ಕನೆಕ್ಟರ್, ಅಂದರೆ ಸಣ್ಣ ಕಿತ್ತಳೆ ಹಿಡಿಕೆ ಎತ್ತಿ ವೈರ್ ಇಟ್ಟು ಮುಚ್ಚುವಂಥದ್ದು, ನಮ್ಮ ಎಳೆ ವೈರಿಗೂ ಗಟ್ಟಿ ವೈರಿಗೂ ಎರಡಕ್ಕೂ ಆಗುತ್ತದೆ. ಲೈಟು, ಫ್ಯಾನು, ಸಾಮಾನ್ಯ ಪ್ಲಗ್ ಪಾಯಿಂಟುಗಳ ಜಾಯಿಂಟಿಗೆ ನನ್ನ ಮತ ಇದಕ್ಕೇ. ಇದರಲ್ಲಿ ಹೆಸರಾದದ್ದು ಜರ್ಮನಿಯ ವಾಗೋ. ಅದರ 221 ಸರಣಿಯ ಮಾಮೂಲಿ ಸೈಜು 4 ಸ್ಕ್ವೇರ್ ಎಂಎಂ ವೈರಿನವರೆಗೆ, 450 ವೋಲ್ಟ್, 32 ಆಂಪ್ಸಿಗೆ ಮಾಡಿದ್ದು. 6 ಸ್ಕ್ವೇರ್ ಎಂಎಂ ವೈರಿಗೆ ಬೇರೆಯೇ ದೊಡ್ಡ ಸೈಜಿದೆ. ಎರಡು, ಮೂರು, ಐದು ವೈರ್ ಸೇರಿಸುವ ಬಗೆಗಳಿವೆ. ಒಂದು ಕಿಂಡಿಗೆ ಒಂದೇ ವೈರ್. ಜಾಗ ಸಾಲದು ಎಂದು ಎರಡು ತುರುಕಬಾರದು. ಮೈ ಪಾರದರ್ಶಕವಾಗಿರುವುದರಿಂದ ತಾಮ್ರ ಪೂರ್ತಿ ಒಳಗೆ ಹೋಗಿದೆಯೇ ಎಂದು ಕಣ್ಣಿಗೇ ಕಾಣುತ್ತದೆ. ಒಳಗಿರುವುದು ಸ್ಪ್ರಿಂಗು. ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗಿದರೂ ಅದು ಒತ್ತುತ್ತಲೇ ಇರುತ್ತದೆ. ಸ್ಕ್ರೂ ಹಾಗಲ್ಲ. ಒಮ್ಮೆ ಸಡಿಲಾದರೆ ತಾನಾಗಿ ಬಿಗಿಯಾಗುವುದಿಲ್ಲ.

ಇದೇ ಆಕಾರದ, ಅರ್ಧಕ್ಕಿಂತ ಕಡಿಮೆ ಬೆಲೆಯ ನಕಲುಗಳು ಆನ್‌ಲೈನಿನಲ್ಲಿ ರಾಶಿ ಬಿದ್ದಿವೆ. ಬೇರೆ ಕಂಪನಿಯ ಒಳ್ಳೆಯವೂ ಇವೆ, ಇಲ್ಲ ಎನ್ನುವುದಿಲ್ಲ. ಗುರುತು ಸರಳ. ಮೈಮೇಲೆ ಆಂಪ್ಸ್, ವೋಲ್ಟ್, ಯಾವ ಅಳತೆಯ ವೈರ್, ಎಷ್ಟು ಹೊದಿಕೆ ಸುಲಿಯಬೇಕು ಎಂಬುದು ಸ್ಪಷ್ಟವಾಗಿ ಅಚ್ಚಾಗಿರಬೇಕು. ಮೇಲೆ ಹೇಳಿದ 4 ಸ್ಕ್ವೇರ್ ಎಂಎಂ ಸೈಜಿಗೆ ಸುಲಿಯಬೇಕಾದದ್ದು 11 ಮಿಲಿಮೀಟರ್. ಏನೂ ಬರೆಯದೆ, ಬರೀ ಪ್ಯಾಕೆಟ್ಟಿನ ಮೇಲೆ ದೊಡ್ಡದಾಗಿ 32 ಆಂಪ್ಸ್ ಎಂದಿದ್ದರೆ ಬಿಟ್ಟುಬಿಡಿ.

ಕುಶಾಲನಗರದಲ್ಲೋ ವಿರಾಜಪೇಟೆಯಲ್ಲೋ ಅಂಗಡಿಗೆ ಹೋಗಿ ಬರೀ "ಕನೆಕ್ಟರ್ ಕೊಡಿ" ಎಂದರೆ ಕೈಗೆ ಬರುವುದು ಬೇರೆ: ಹನ್ನೆರಡು ಜೋಡಿ ಸ್ಕ್ರೂ ಇರುವ ಬಿಳಿ ಪ್ಲಾಸ್ಟಿಕ್ ಪಟ್ಟಿ, ಬೇಕಾದಷ್ಟು ಕತ್ತರಿಸಿಕೊಳ್ಳುವಂಥದ್ದು. ಇಲ್ಲದಿದ್ದರೆ ಪಿಂಗಾಣಿಯದು. ಪಟ್ಟಿ ಲೈಟಿಗೆ ಆಗುತ್ತದೆ, ಷರತ್ತಿನ ಮೇಲೆ. ಒಳಗಿನ ಕೊಳವೆ ಹಿತ್ತಾಳೆಯದಾಗಿರಬೇಕು. ಸ್ಕ್ರೂಗೆ ಅಯಸ್ಕಾಂತ ಅಂಟಿದರೆ ಅದು ಕಬ್ಬಿಣ. ಮಡಿಕೇರಿ, ಭಾಗಮಂಡಲದ ಮಳೆಗೆ ಎರಡೇ ವರ್ಷದಲ್ಲಿ ತುಕ್ಕು ಹಿಡಿದು ಸ್ಕ್ರೂಡ್ರೈವರಿಗೂ ಬಗ್ಗುವುದಿಲ್ಲ. ಇನ್ನೊಂದು, ಸ್ಕ್ರೂ ತುದಿ ಎಳೆಗಳ ಮೇಲೆ ನೇರ ತಿರುಗಿದರೆ ಕೆಲವನ್ನು ಕತ್ತರಿಸುತ್ತದೆ, ಕೆಲವನ್ನು ಬದಿಗೆ ತಳ್ಳುತ್ತದೆ. ಅದಕ್ಕೆ ವೈರಿನ ತುದಿಗೆ ಸಣ್ಣ ತಗಡಿನ ಟೋಪಿ ಹಾಕಿ ಒತ್ತಿ ಆಮೇಲೆ ತೂರಿಸಬೇಕು. ಎಂಡ್ ಸ್ಲೀವ್ ಅಥವಾ ಫೆರೂಲ್ ಎಂದು ಕೇಳಿದರೆ ಕೊಡುತ್ತಾರೆ. ಕೆಲವರು ಬುದ್ಧಿವಂತಿಕೆ ಮಾಡಿ ತುದಿಗೆ ಬೆಸುಗೆ ತುಂಬಿ ಗಟ್ಟಿ ಮಾಡಿ ಸ್ಕ್ರೂ ಹಾಕುತ್ತಾರೆ. ಅದು ಇನ್ನೂ ಕೆಟ್ಟದ್ದು. ಬೆಸುಗೆಯ ಲೋಹ ಮೆತ್ತಗಿನದು, ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಹರಿದು ಜಾಗ ಬಿಡುತ್ತದೆ. ಆರು ತಿಂಗಳಲ್ಲಿ ಸಡಿಲ.

ಪಿಂಗಾಣಿ ಕನೆಕ್ಟರನ್ನು ಹಳೆಯ ಕಾಲದ್ದು ಎಂದು ಮಗ ನಗಬಹುದು. ನಗಲಿ. ಗೀಸರ್ ಹಿಂದಿನ ತುದಿಯಲ್ಲಿ, ಬಿಸಿ ಇರುವ ಕಡೆ, ಅದು ಕರಗುವುದೂ ಇಲ್ಲ ಉರಿಯುವುದೂ ಇಲ್ಲ. ಲೈನನ್ನು ಪ್ಲಗ್ಗಿಲ್ಲದೆ ಗೀಸರಿನ ವೈರಿಗೇ ಸೇರಿಸಬೇಕಾಗಿ ಬಂದರೆ ನಾನು ಈಗಲೂ 30 ಆಂಪ್ಸಿನ, ಹಿತ್ತಾಳೆ ಸ್ಕ್ರೂ ಇರುವ ಪಿಂಗಾಣಿಯನ್ನೇ ಹಾಕುತ್ತೇನೆ. ಸುಮ್ನೆ ತೂಗುಬಿಡುವುದಿಲ್ಲ, ಡಬ್ಬಿಯೊಳಗೆ.

ಇನ್ನು ನಿಮ್ಮ ಅಟ್ಟದ ಹಳೆಯ ವೈರು. ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದ ವೈರಿಂಗ್ ಆಗಿದ್ದರೆ ಅದು ಅಲ್ಯೂಮಿನಿಯಂ ಇರಬಹುದು. ಮೇನ್ ಆಫ್ ಮಾಡಿಸಿ, ವೈರ್‌ಮನ್ ತುದಿಯನ್ನು ಬ್ಲೇಡಿನಿಂದ ಸ್ವಲ್ಪ ಕೆರೆಯಲಿ. ಬಿಳಿ ಕಂಡಿತೆಂದು ಕೂಡಲೇ ಅಲ್ಯೂಮಿನಿಯಂ ಎನ್ನಬೇಡಿ. ರಬ್ಬರ್ ಹೊದಿಕೆಯ ತೀರಾ ಹಳೆಯ ತಾಮ್ರದ ವೈರಿಗೆ ಕಲಾಯಿ ಬಳಿಯುತ್ತಿದ್ದರು. ಕೆರೆದಾಗ ಒಳಗೆ ಕೆಂಪು ಕಂಡರೆ ತಾಮ್ರ, ಒಳಗೂ ಬಿಳಿಯಾಗಿದ್ದರೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಮೇಲೆ ಗಾಳಿ ತಾಗಿದ ಕ್ಷಣವೇ ಕರೆಂಟು ದಾಟದ ಒಂದು ಪೊರೆ ಕೂರುತ್ತದೆ. ತಾಮ್ರಕ್ಕೂ ಅದಕ್ಕೂ ನೇರ ತಾಗಿಸಿದರೆ ತೇವದಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಸ್ಕ್ರೂ ಒತ್ತಡಕ್ಕೆ ಅದು ಜಾಗ ಬಿಟ್ಟುಕೊಡುವುದೂ ಉಂಟು. ಇದಕ್ಕೆ ವಿಶೇಷ ಪೇಸ್ಟು, ವೈರಿನ ತುದಿಗೆ ಒತ್ತುವ ಎರಡು ಲೋಹದ ಲಗ್ ಎಲ್ಲ ಇವೆ. ಆದರೆ ನನ್ನ ಅನುಭವದ ಮಾತು: ಅಲ್ಯೂಮಿನಿಯಂ ಎಂದು ಗೊತ್ತಾದರೆ ಅದಕ್ಕೆ ಹೊಸ ಕೋಣೆ ಸೇರಿಸಲೇಬೇಡಿ. ಹೊಸ ಕೋಣೆಗಳಿಗೆ ಮೇನ್ ಬೋರ್ಡಿನಿಂದಲೇ ಹೊಸ ತಾಮ್ರ. ಹಳೆಯ ಭಾಗವನ್ನು ಕೈಯಲ್ಲಿ ಕಾಸು ಓಡಾಡಿದ ಹಾಗೆ ಒಂದೊಂದೇ ಕೋಣೆಯಾಗಿ ಬದಲಿಸಿ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಎಲ್ಲರೂ ಫೇಸ್ ವೈರಿನ ಜಾಯಿಂಟಿಗೆ ಕಾಳಜಿ ಮಾಡುತ್ತಾರೆ. ನ್ಯೂಟ್ರಲ್ ಮತ್ತು ಅರ್ಥ್ ಅನಾಥ. ಗೀಸರಿನ ಕರೆಂಟು ನ್ಯೂಟ್ರಲ್‌ನಲ್ಲೂ ಅಷ್ಟೇ ಓಡುತ್ತದೆ, ಅಲ್ಲೂ ಅಷ್ಟೇ ಸುಡುತ್ತದೆ. ಮನೆಗೆ ಮೂರು ಫೇಸ್ ಇದ್ದು ಮೇನ್ ನ್ಯೂಟ್ರಲ್ ಸಡಿಲಾದರಂತೂ ಒಂದು ಕಡೆ ಬಲ್ಬು ಮಂಕಾಗಿ, ಇನ್ನೊಂದು ಕಡೆ ವೋಲ್ಟೇಜ್ 300 ದಾಟಿ ಟಿವಿ, ಫ್ರಿಜ್ಜು ಒಟ್ಟಿಗೆ ಹೋಗುತ್ತವೆ. ಹಾಗೆ ಲೈಟು ಏರಿಳಿಯುವುದು ಕಂಡರೆ ಮೇನ್ ಆಫ್ ಮಾಡಿ. ಮೀಟರಿನ ಆಚೆ ಬದಿ ಕರೆಂಟು ಕೊಡುವ ಚೆಸ್ಕಾಂನವರದು, ಅಲ್ಲಿಗೆ ನಿಮ್ಮ ವೈರ್‌ಮನ್ ಕೈ ಹಾಕಬಾರದು. ಅರ್ಥ್ ಜಾಯಿಂಟ್ ಬಿಟ್ಟುಹೋದರೆ ಯಾವ ಸೂಚನೆಯೂ ಬರುವುದಿಲ್ಲ. ಗೀಸರ್ ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾಗಿ ಅರ್ಥ್ ವೈರನ್ನು ಪ್ರತಿ ಪಾಯಿಂಟಿನಲ್ಲೂ ತುಂಡು ಮಾಡದೆ, ಸಾಧ್ಯವಾದಷ್ಟು ಒಂದೇ ಉದ್ದಕ್ಕೆ ಓಡಿಸಲು ಹೇಳಿ. ಬೋರ್ಡಿನಲ್ಲಿ ಬೋಲ್ಟಿಗೆ ಕಟ್ಟುವ ಕಡೆ ಸುತ್ತಬಾರದು, ಅಳತೆಗೆ ಸರಿಯಾದ ಲಗ್ ಒತ್ತಬೇಕು. ನಮ್ಮವರು ತಿಂಬಲ್ ಎನ್ನುತ್ತಾರಲ್ಲ, ಅದೇ. ಅದನ್ನು ಒತ್ತಲು ಕ್ರಿಂಪಿಂಗ್ ಟೂಲ್ ಬೇಕು. ಕಟಿಂಗ್ ಪ್ಲೇಯರಿನಲ್ಲಿ ಜಜ್ಜಿದರೆ ಅದು ಕ್ರಿಂಪ್ ಅಲ್ಲ.

ಹೊರಗಡೆಯ ವಿಷಯ ನಮ್ಮ ಜಿಲ್ಲೆಗೆ ಬೇರೆಯೇ. ಕನೆಕ್ಟರ್ ಎಷ್ಟೇ ಒಳ್ಳೆಯದಿದ್ದರೂ ಮನೆಯೊಳಗಿನ ಲಿವರ್ ಕನೆಕ್ಟರ್ ನೀರಿಗೆ ಮಾಡಿದ್ದಲ್ಲ. ಹೋಂಸ್ಟೇ ಅಂಗಳದ ಲೈಟು, ಗೇಟಿನ ಲೈಟು, ಕಾಫಿ ಕಣದ ಲೈಟು ಇವಕ್ಕೆ ಐಪಿ65 ಗುರುತಿನ ಡಬ್ಬಿ ತನ್ನಿ. ಅದರಲ್ಲಿ 6 ಅಂದರೆ ಧೂಳು ಒಳಗೆ ಹೋಗುವುದಿಲ್ಲ, 5 ಅಂದರೆ ಪೈಪಿನಲ್ಲಿ ನೀರು ಹಾರಿಸಿದರೂ ತಡೆಯುತ್ತದೆ. ವೈರ್ ಡಬ್ಬಿಯ ಕೆಳಗಿನಿಂದಲೇ ಹೋಗಬೇಕು, ಮೇಲಿನಿಂದ ಅಲ್ಲ. ಹೋಗುವ ಮುಂಚೆ ಸ್ವಲ್ಪ ಕೆಳಗೆ ಬಾಗಿಸಿ ಮೇಲಕ್ಕೆ ತಿರುಗಿಸಿದರೆ ಮೇಲಿನಿಂದ ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ತೂತಿಗೆ ಗ್ಲ್ಯಾಂಡ್ ಹಾಕಿಸಿ. ಇದೂ ಒಂದು ಕನೆಕ್ಟರೇ, ಕರೆಂಟನ್ನಲ್ಲ, ಕೇಬಲ್ಲಿನ ಮೈಯನ್ನು ಡಬ್ಬಿಗೆ ಹಿಡಿಸುವಂಥದ್ದು. ಗ್ಲ್ಯಾಂಡ್ ಹಿಡಿಯುವುದು ದುಂಡನೆಯ ಹೊದಿಕೆ ಇರುವ ಕೇಬಲ್ಲನ್ನು ಮಾತ್ರ. ಮೂರು ಬಿಡಿ ವೈರ್ ತೂರಿಸಿ ಎಷ್ಟು ಬಿಗಿ ಮಾಡಿದರೂ ನಡುವಿನ ಸಂದಿಯಲ್ಲಿ ನೀರು ಹೋಗುತ್ತದೆ, ಇರುವೆಯೂ ಹೋಗುತ್ತದೆ. ಕೇಬಲ್ಲಿನ ಹೊರ ದಪ್ಪ ಅಳೆದುಕೊಂಡು ಹೋಗಿ ಅದಕ್ಕೆ ಹೊಂದುವ ಗ್ಲ್ಯಾಂಡ್ ಕೇಳಿ.

ಪೂರ್ತಿ ಮುಚ್ಚಿದ ಡಬ್ಬಿಯಲ್ಲೂ ನೀರು ಸಿಕ್ಕುವುದುಂಟು. ಸೋರಿದ್ದಲ್ಲ. ಹಗಲು ಬಿಸಿಲು, ಸಂಜೆ ಮಂಜು. ಒಳಗಿನ ಗಾಳಿಯ ತೇವವೇ ಹನಿಯಾಗಿ ಕೂರುತ್ತದೆ. ಹಾಗಾಗಿ ಕನೆಕ್ಟರನ್ನು ಡಬ್ಬಿಯ ತಳದಲ್ಲಿ ಬಿಡಬೇಡಿ, ಮೇಲ್ಭಾಗಕ್ಕೆ ಎತ್ತಿ ಕಟ್ಟಿಸಿ. ಮಳೆಗಾಲದಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ ಹಲವು ಸಲ ಇಂಥ ಒಂದು ಡಬ್ಬಿಯೊಳಗೇ ಕಾರಣ ಇರುತ್ತದೆ. ಅದನ್ನು ಹುಡುಕುವುದು ಬಿಟ್ಟು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಹೋದ ಮನೆಗಳನ್ನು ನೋಡಿದ್ದೇನೆ. ಅತಿಥಿಗಳು ಒದ್ದೆ ಮೈಯಲ್ಲಿ ಸ್ವಿಚ್ ಮುಟ್ಟುವ ಹೋಂಸ್ಟೇಯಲ್ಲಿ ಹಾಗೆ ಮಾಡಿದರೆ ಅದು ಬರೀ ತಪ್ಪಲ್ಲ, ಪಾಪವೇ ಸರಿ. ಬಾವಿ, ಬೋರ್‌ವೆಲ್ ಒಳಗಿನ ಮೋಟಾರಿನ ಕೇಬಲ್ ಜಾಯಿಂಟಿಗೆ ಇದ್ಯಾವುದೂ ಆಗುವುದಿಲ್ಲ. ಅಲ್ಲಿ ಕೊಳವೆ ಕ್ರಿಂಪ್ ಒತ್ತಿ, ಒಳಗೆ ಗಮ್ ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಕಾಯಿಸಬೇಕು. ಅದು ಮೋಟಾರಿನವರ ಕೆಲಸ.

ವೈರ್‌ಮನ್ ಕೆಲಸ ಮಾಡುವಾಗ ನೀವು ಪಕ್ಕದಲ್ಲಿ ನಿಂತು ನೋಡಬಹುದಾದ್ದು ಇಷ್ಟು. ಹೊದಿಕೆಯನ್ನು ಹಲ್ಲಿನಲ್ಲೋ ಬ್ಲೇಡಿನಲ್ಲೋ ಸುಲಿಯುತ್ತಿದ್ದರೆ ಒಂದು ಸ್ಟ್ರಿಪ್ಪರ್ ಕೊಡಿಸಿ. ಕೆಲವು ಎಳೆ ಕಡಿದುಹೋದರೆ ಎರಡೂವರೆ ವೈರ್ ಅಲ್ಲಿ ಅಷ್ಟು ತೆಳ್ಳಗಾಗುತ್ತದೆ. ಕನೆಕ್ಟರಿನ ಹೊರಗೆ ತಾಮ್ರ ಕಾಣಬಾರದು. ಹಾಕಿದ ಮೇಲೆ ಒಂದೊಂದೇ ವೈರನ್ನು ಹಿಡಿದು ಎಳೆದು ನೋಡಬೇಕು, ನಯವಾಗಿ ಅಲ್ಲ, ಗಟ್ಟಿಯಾಗೇ. ಜಾಯಿಂಟ್ ಪೈಪಿನೊಳಗೆ ಹೋಗಬಾರದು, ಗೋಡೆಯೊಳಗೆ ಮುಚ್ಚಿಹೋಗಬಾರದು, ಕೈಗೆ ಸಿಗುವ ಡಬ್ಬಿಯಲ್ಲೇ ಇರಬೇಕು. ಅಟ್ಟದ ಮೇಲೆ ಇಡಲೇಬೇಕಾದರೆ ಸೌದೆ ರಾಶಿಯಿಂದ ದೂರ, ಹೆಂಚು ಸೋರುವ ಜಾಗ ಬಿಟ್ಟು. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಅರ್ಧ ಗಂಟೆ ಓಡಿಸಿ, ಡಬ್ಬಿಯ ಮುಚ್ಚಳದ ಹೊರಗೆ ಬೆರಳ ಹಿಂಭಾಗ ತಾಗಿಸಿ ನೋಡಿ. ಪಕ್ಕದ ಗೋಡೆಗಿಂತ ಬೆಚ್ಚಗಿದ್ದರೆ ಮತ್ತೆ ಬಿಚ್ಚಿಸಿ. ಮುಚ್ಚಳ ತೆಗೆದು ಒಳಗೆ ಕೈ ಹಾಕುವುದು ಬೇಡ.

ಇದನ್ನೆಲ್ಲ ನೀವೇ ಕೂತು ಮಾಡಿ ಎಂದು ನಾನು ಹೇಳುತ್ತಿಲ್ಲ. ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕವೇ ಮಾಡಿಸಿ. ಎರಡು ಗೀಸರ್ ಸೇರಿ 4 ಕಿಲೋವ್ಯಾಟ್ ಹೆಚ್ಚಾಗಿದೆ. ನಿಮ್ಮ ಮಂಜೂರಾದ ಲೋಡ್ ಎಷ್ಟಿದೆ ಎಂದು ಕರೆಂಟ್ ಬಿಲ್ಲಿನಲ್ಲಿ ನೋಡಿ, ಸಾಲದಿದ್ದರೆ ಹೆಚ್ಚಿಸಲು ಅರ್ಜಿಯನ್ನೂ ಅವರ ಕೈಯಲ್ಲೇ ಹಾಕಿಸಿ.

ನಿಮ್ಮ ಎರಡು ಕೋಣೆಗೆ ಗೀಸರ್ ಲೈನ್ ಬೇರೆ ಮಾಡಿದ ಮೇಲೆ ಲೈಟು, ಫ್ಯಾನಿಗೆ ಮೂರರ ಲಿವರ್ ಕನೆಕ್ಟರ್ ಹತ್ತು, ಐದರದ್ದು ನಾಲ್ಕು ಇದ್ದರೆ ಧಾರಾಳ. ಹೊರಗಿನ ಲೈಟುಗಳಿಗೆ ಐಪಿ65 ಡಬ್ಬಿ ಮತ್ತು ಗ್ಲ್ಯಾಂಡು. ಮಗನಿಗೂ ಒಂದು ಕೆಲಸ ಕೊಡಿ. ಪ್ರತಿ ಡಬ್ಬಿ ಮುಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆಯಲಿ, ಯಾವ ಡಬ್ಬಿ ಎಲ್ಲಿದೆ ಎಂದು ಒಂದು ಚೀಟಿ ಬರೆದು ಮೇನ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಲಿ. ಮುಂದಿನ ಮಳೆಗಾಲದ ನಡುರಾತ್ರಿ ಟಾರ್ಚ್ ಹಿಡಿದು ಅಟ್ಟ ಹತ್ತುವವರು ಯಾರೇ ಆಗಲಿ, ಎಲ್ಲಿ ನೋಡಬೇಕು ಎಂದು ಗೊತ್ತಿರುತ್ತದೆ.